ಕಾಂತರಾಜು ಹೇಳದೆ ಉಳಿಸಿದ ಮಾತು

ನಂಜನಗೂಡು, ಆಗಸ್ಟ್ 9, ಶುಕ್ರವಾರ

ಇವತ್ತು ಅನ್ನ ಸೇರಲಿಲ್ಲ. ಕಪಿಲೆಯ ನೀರು ನುಗ್ಗಿ ನನ್ನ ಹಿಟ್ಟಿನ ಗಿರಣಿಯ ಎರಡು ಮೋಟಾರೂ ಹಾಳಾದವಲ್ಲ, ಅದಕ್ಕೆ ಇನ್ಶೂರೆನ್ಸ್ ಕಂಪನಿಯವರು ಪರಿಹಾರ ಕೊಡುವುದಿಲ್ಲವಂತೆ. ಪಾಲಿಸಿಯಲ್ಲಿ ಪ್ರವಾಹವೇ ಇಲ್ಲವಂತೆ. ವರ್ಷ ವರ್ಷ ಏರುವ ಪ್ರೀಮಿಯಂ ಒಂದು ಸಲವೂ ತಪ್ಪಿಸಿದವಳಲ್ಲ ನಾನು.

ಏಜೆಂಟ್ ಕಾಂತರಾಜು ನನ್ನ ಜೊತೆ ಓದಿದವನು. ಮನೆಗೇ ಹೋಗಿ ಕೇಳಿದೆ.

“ನೀರಿಂದೂ ಸೇರ್ಸಿದ್ರೆ ಪ್ರೀಮಿಯಂ ಇನ್ನೂ ಏರ್ತಿತ್ತು ಕಣಕ್ಕ. ಅದ್ಕೇ ಈ ವರ್ಷ ತೆಗೆಸ್ಬುಟ್ಟೆ.”

“ನಂಗೊಂದು ಮಾತು ಯೋಳ್ಬಾರ್ದಿತ್ತಾ?”

“ಯೋಳಿದ್ರೆ ನೀನು ಬ್ಯಾರೆ ಏಜೆಂಟ್ ತವ್ಕೆ ಓಯ್ತಿದ್ದೆ.”

ತಲೆ ತಗ್ಗಿಸಲೂ ಇಲ್ಲ. ಅವನ ಹೆಂಡತಿ ಕಾಫಿ ತಂದಳು. ಕುಡಿಯದೆ ಎದ್ದು ಬಂದೆ.

ಕಮಿಷನ್ನಿಗೆ ಆಸೆಪಟ್ಟ ಎಂದರೆ ಹೇಗೋ ಮರೆಯಬಹುದು. ಆದರೆ ನೀರು ಏರುತ್ತಿದ್ದ ದಿನ ಮೊಣಕಾಲುದ್ದ ನೀರಲ್ಲಿ ನಿಂತು ನನ್ನ ಜೊತೆ ರಾಗಿ ಮೂಟೆ ಹೊತ್ತವನೂ ಅವನೇ. ಮೊದಲು ಮೋಟಾರು ಬಿಚ್ಚೋಣ ಎಂದೆ. “ಅದ್ಕೆ ಇನ್ಶೂರೆನ್ಸ್ ಅದಲ್ಲಕ್ಕ, ಬುಡು, ಮೂಟೆ ಎತ್ತು” ಅಂದ. ಎಲ್ಲ ಗೊತ್ತಿದ್ದೂ ಅಂದ.

ಸ್ಪ್ಯಾನರ್ ನನ್ನ ಕೈಯಲ್ಲೇ ಇತ್ತು. ಅವನ ಮಾತು ಕೇಳಿ ಕೆಳಗಿಟ್ಟೆ.