ಕಿಟಕಿಯ ಕೆಳಗಿನ ಬಸ್ಸು

ಡಿಪೋ ಕ್ವಾರ್ಟರ್ಸ್, ಎರಡನೇ ಮಹಡಿ
ಮಾರ್ಚ್ ೧೨, ಗುರುವಾರ

ಪ್ರೀತಿಯ ಇವಳೇ,

ಮೊದಲು ನಿನ್ನ ಉಸಿರಿನ ಸಮಾಚಾರ ಹೇಳು. ಮೆಟ್ಟಿಲು ಹತ್ತುವಾಗ ಈಗಲೂ ನಡುವೆ ನಿಲ್ಲಬೇಕಾಗುತ್ತದೆಯೇ? ರಾತ್ರಿ ಕೆಮ್ಮು ಹೇಗಿದೆ? ಏನೇ ಆಗಿದ್ದರೂ "ಚೆನ್ನಾಗೇ ಇದೀನಿ" ಎಂದು ಬರೆಯುವುದು ನಿನ್ನ ಚಾಳಿ, ಅದಕ್ಕೇ ಷಡ್ಡಕರನ್ನೂ ಒಂದು ಮಾತು ಕೇಳಿಯೇ ನಂಬುತ್ತೇನೆ. ನಾನು ಸುಖವಾಗಿದ್ದೇನೆ, ಹಾಲು ಮಾತ್ರ ದಿನಾ ಉಕ್ಕುತ್ತದೆ. ಮಗಳು ಭಾನುವಾರ ಬಂದವಳು ಒಲೆಯ ಅವಸ್ಥೆ ನೋಡಿ ಬಾಯಿಗೆ ಬಂದಂತೆ ಬೈದು ಹೋದಳು. ಥೇಟ್ ನೀನೇ.

ಹೋದ ಪತ್ರದಲ್ಲಿ ಅರ್ಧಕ್ಕೆ ಬಿಟ್ಟ ಬಸ್ಸಿನ ಕಥೆಗೆ ಬರುತ್ತೇನೆ. ಕೆಳಗಿನ ಡಿಪೋದಲ್ಲಿ ಡೀಸೆಲ್ ಹೊಗೆ ಇರುವವರೆಗೆ ನಿನ್ನನ್ನು ಈ ಮನೆಗೆ ಕರೆತರಬೇಡಿ ಎಂದು ಡಾಕ್ಟರು ಹೇಳಿ, ನೀನು ನಿನ್ನ ಅಕ್ಕನ ಮನೆ ಸೇರಿ ಹನ್ನೊಂದು ತಿಂಗಳಾಯಿತಲ್ಲ. ಹತ್ತೇ ಹತ್ತು ಕರೆಂಟ್ ಬಸ್ಸು ಬೇಕೆಂದು ನಮ್ಮ ಪುರಸಭೆ ಕೇಳಿದಾಗ ಕಂಪನಿಯವರು ಕಿವಿಗೇ ಹಾಕಿಕೊಳ್ಳಲಿಲ್ಲ. ಅಕ್ಕಪಕ್ಕದ ಎರಡು ಊರುಗಳನ್ನು ಸೇರಿಸಿಕೊಂಡು ನಲವತ್ತು ಎಂದಾಗ ಓಡೋಡಿ ಬಂದರು. ಊರಿಗೊಂದು ಚಾರ್ಜಿಂಗ್ ಸ್ಟೇಷನ್, ಯಾವ ಊರಿನ ಬಸ್ಸು ಎಲ್ಲಿ ಬೇಕಾದರೂ ಚಾರ್ಜ್ ಮಾಡಿಕೊಳ್ಳಬಹುದು ಎಂದು ಮಾತಾಯಿತು. ಬಾಯಿಮಾತು ಅಷ್ಟೇ, ಕಾಗದಕ್ಕೆ ಸಹಿ ಬಿದ್ದಿರಲಿಲ್ಲ. ಮೊದಲು ಮೂರು ತಿಂಗಳ ಪರೀಕ್ಷೆ. ಒಂದೇ ಒಂದು ಬಸ್ಸು ರಸ್ತೆಯಲ್ಲಿ ನಿಂತರೂ ಎಲ್ಲವನ್ನೂ ವಾಪಸು ಕಳಿಸಿ ಹಳೆಯ ಬಸ್ಸುಗಳನ್ನೇ ಓಡಿಸುತ್ತೇವೆ ಎಂದು ನಮ್ಮ ಅಧ್ಯಕ್ಷರು ತುಂಬಿದ ಸಭೆಯಲ್ಲಿ ಹೇಳಿಬಿಟ್ಟರು.

ಅಂಥ ಬಸ್ಸನ್ನು ರಸ್ತೆಯಲ್ಲಿ ನಿಲ್ಲಿಸಲು ಹೊರಟವನು ಯಾರು ಗೊತ್ತೇ? ನಿನ್ನ ಗಂಡ. ಇಳಿಜಾರು ಬಂದರೆ ಗೇರನ್ನು ನ್ಯೂಟ್ರಲ್‌ಗೆ ತಳ್ಳಿ ಬಸ್ಸನ್ನು ಸುಮ್ಮನೆ ಉರುಳಲು ಬಿಡುವುದು ನನಗೆ ಇಪ್ಪತ್ತಾರು ವರ್ಷದ ಚಟ. ಮಾಡಬಾರದು, ಗೊತ್ತು. ಆದರೆ ಡೀಸೆಲ್ ಉಳಿಸಿದ್ದಕ್ಕೆ ಡಿಪೋದವರು ಕೊಟ್ಟ ಗೋಡೆಗಡಿಯಾರ ನಮ್ಮ ಹಜಾರದಲ್ಲೇ ಇದೆಯಲ್ಲ, ಹತ್ತು ನಿಮಿಷ ಹಿಂದೆ ಓಡಿಕೊಂಡು. ಹೊಸ ಬಸ್ಸಿಗೂ ಅದೇ ವಿದ್ಯೆ ತೋರಿಸಿದೆ. ಗೇರಿನಲ್ಲೇ ಬಿಟ್ಟರೆ ಈ ಬಸ್ಸು ಇಳಿಜಾರಿನಲ್ಲಿ ತನ್ನ ಬ್ಯಾಟರಿಯನ್ನು ತಾನೇ ಅಷ್ಟಿಷ್ಟು ತುಂಬಿಕೊಳ್ಳುತ್ತದಂತೆ. ತರಬೇತಿಯಲ್ಲಿ ಹೇಳಿದ್ದರಂತೆ. ನಿನ್ನ ಹತ್ತಿರ ಮುಚ್ಚಿಡುವುದೇನು, ನಾನು ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತಿದ್ದೆ. ಹೀಗೆ ಉಳಿಸಿ ಉಳಿಸಿ, ಜನವರಿಯ ಒಂದು ಮಧ್ಯಾಹ್ನ ಪಕ್ಕದ ಊರಿನ ಮಾರುಕಟ್ಟೆ ತಲುಪುವಾಗ ಬ್ಯಾಟರಿಯಲ್ಲಿ ಇದ್ದದ್ದು ನಾಲ್ಕು ಪರ್ಸೆಂಟ್. ಬಸ್ಸಿನ ತುಂಬ ಜನ. ನಿಜ ಹೇಳುತ್ತೇನೆ, ನನ್ನ ಕಣ್ಣಿಗೆ ಬಂದದ್ದು ಅವರು ಯಾರೂ ಅಲ್ಲ, ಅಕ್ಕನ ಮನೆಯ ಮಂಚದ ಕೆಳಗಿರುವ ನಿನ್ನ ಪೆಟ್ಟಿಗೆ. ಇನ್ನು ಅದು ಅಲ್ಲೇ ಇರುತ್ತದೆ ಎಂದುಕೊಂಡೆ.

ಅಲ್ಲಿನ ಚಾರ್ಜಿಂಗ್ ಸ್ಟೇಷನ್ ನೋಡಿಕೊಳ್ಳುವವಳು ದಪ್ಪ ಕನ್ನಡಕದ ಒಬ್ಬ ಹೆಂಗಸು. ಚರಂಡಿ ನೀರಿನ ವಿಷಯದಲ್ಲಿ ನಮ್ಮೂರಿಗೂ ಅವರೂರಿಗೂ ಹಾವು ಮುಂಗುಸಿ ಎಂದು ನಿನಗೆ ಗೊತ್ತೇ ಇದೆ. ಸಹಿಯಾಗದ ಕಾಗದ, ಬೇರೆ ಊರಿನ ಬಸ್ಸು. ಆಗಲ್ಲ ಎಂದಿದ್ದರೆ ಆಕೆಯದೇನೂ ತಪ್ಪಿರಲಿಲ್ಲ. ಆಕೆ ಮೀಟರ್ ನೋಡಿದಳು, ನನ್ನ ಮುಖ ನೋಡಿದಳು. "ಸಹಿ ದೊಡ್ಡೋರು ಮಾಡ್ಕೊತಾರೆ. ನೀವು ಮೊದ್ಲು ಬಸ್ ಹಿಂದಕ್ ತಗೊಳಿ, ವೈರ್ ಎಟುಕಲ್ಲ," ಎಂದಳು. ಅಷ್ಟೇ. ನಲವತ್ತು ನಿಮಿಷ ತಡ. ಬಸ್ಸು ನಿಂತದ್ದು ರಸ್ತೆಯಲ್ಲಲ್ಲ, ನಿಲ್ದಾಣದಲ್ಲಿ ಎಂದು ನಮ್ಮ ಕಂಡಕ್ಟರ್ ಮುಖದ ಒಂದು ಗೆರೆಯೂ ಅಲುಗದೆ ವರದಿ ಬರೆದ. ಅಂದಿನಿಂದ ನ್ಯೂಟ್ರಲ್ ಮುಟ್ಟಿಲ್ಲ.

ನಿನ್ನೆ ಮೂರೂ ಊರಿನವರು ಸಹಿ ಹಾಕಿದರು. ಊರಾಚೆ ನಿಲ್ಲಿಸಿದ್ದ ಹಳೆಯ ಬಸ್ಸುಗಳನ್ನು ಗುಜರಿಗೆ ಎಳೆದುಕೊಂಡು ಹೋದರು. ಅಬ್ಬಾ, ಎಷ್ಟೋ ದಿನದ ಮೇಲೆ ನೆಮ್ಮದಿಯಾಗಿ ನಿದ್ದೆ ಮಾಡಿದೆ. ಬೆಳಿಗ್ಗೆ ಎದ್ದವನೇ ಹೊಗೆಯ ಮಸಿ ಕೂತು ನೀನು ವಾರಕ್ಕೊಮ್ಮೆ ಒಗೆಯುತ್ತಿದ್ದ ಕಿಟಕಿಯ ಬಿಳಿ ಪರದೆಯನ್ನು ಬಿಚ್ಚಿಕೊಂಡು ಹೋಗಿ ಡಾಕ್ಟರ ಮೇಜಿನ ಮೇಲೆ ಹರವಿದೆ. ಒಂದು ತಿಂಗಳಿಂದ ನೀರು ಮುಟ್ಟಿಸಿಲ್ಲ, ನೀವೇ ನೋಡಿ ಎಂದೆ. ಹೊರಗೆ ಕಾಯುತ್ತಿದ್ದವರೆಲ್ಲ ಇಣುಕಿದರು. ಡಾಕ್ಟರು ನಕ್ಕು, "ಕರ್ಕೊಂಡ್ ಬನ್ನಿ ಮಾರಾಯ್ರೇ," ಎಂದರು.

ಭಾನುವಾರ ಬರುತ್ತೇನೆ, ಪೆಟ್ಟಿಗೆ ತುಂಬಿಡು. ಇಷ್ಟು ದಿನ ನಿನ್ನನ್ನು ನೋಡಿಕೊಂಡ ಅಕ್ಕನಿಗೆ ನನ್ನ ನಮಸ್ಕಾರ. ನನ್ನ ಅಡುಗೆಯನ್ನು ಆಡಿಕೊಂಡು ನಗುವ ಷಡ್ಡಕರಿಗೂ ಇರಲಿ ಒಂದು.

ನಿನ್ನ,
"ರೀ"

ಮತ್ತೆ: ಇದು ಮರೆತದ್ದಲ್ಲ, ಧೈರ್ಯ ಸಾಲದೆ ಕೆಳಕ್ಕೆ ತಳ್ಳಿದ್ದು. ದಿನಾ ಬೆಳಗಿನ ಐದೂಕಾಲಿಗೆ ನಮ್ಮ ಕಿಟಕಿಯ ಕೆಳಗೇ ಎಂಜಿನ್ ಬಿಸಿ ಮಾಡುತ್ತಿದ್ದ ಬಸ್ಸು ಬೋಡುತಲೆಯ ಡ್ರೈವರನದು ಎಂದು ಹೇಳಿದ್ದೆನಲ್ಲ, ಸುಳ್ಳು. ಅದು ನನ್ನದು. ಬೇರೆ ಜಾಗ ಬೇಕಾದಷ್ಟಿತ್ತು. ನೀನು ದೀಪ ಹಾಕಿ ಒಲೆಯ ಹತ್ತಿರ ಓಡಾಡುವುದು ಅಲ್ಲಿಂದ ಕಾಣುತ್ತಿತ್ತು, ಅದಕ್ಕೇ ಅಲ್ಲಿ ನಿಲ್ಲಿಸುತ್ತಿದ್ದೆ. ಡಾಕ್ಟರು ಹೊಗೆ ಎಂದ ದಿನವೂ ಬಾಯಿ ಬಿಡಲಿಲ್ಲ. ಪಾಪ, ನಿನ್ನ ಶಾಪವೆಲ್ಲ ಬೋಡನಿಗೆ ಹೋಯಿತು. ಹೊಸ ಬಸ್ಸಿಗೂ ಅದೇ ಜಾಗ ಕೇಳಿ ತೆಗೆದುಕೊಂಡಿದ್ದೇನೆ. ಬೈಯುವುದಿದ್ದರೆ ಬಂದು ಬೈ, ಕಿಟಕಿ ತೆಗೆದೇ ಬೈ. ಈಗ ಎಂಜಿನ್ ಸದ್ದಿಲ್ಲ, ಕೆಳಗೆ ಚೆನ್ನಾಗಿ ಕೇಳಿಸುತ್ತದೆ.