ಮಲ್ಲೇಶಣ್ಣ ಡ್ಯೂಟಿಗೆ ಹೋಗಿದ್ದಾರೆ

ಮಲ್ಲೇಶಣ್ಣಾ,

ನಿಮ್ಮ ಕ್ಷೇಮ ಕೇಳೋ ಹಾಗಿಲ್ಲ, ನಮ್ಮದು ಕ್ಷೇಮ ಅಂತ ಬರೆಯೋ ಹಾಗೂ ಇಲ್ಲ. ಆದರೂ ಬರೀತಾ ಇದೀನಿ. ಇವರ ಮೇಲೆ ಏನೇ ದೂರಿದ್ದರೂ ಇಷ್ಟು ವರ್ಷ ನಿಮ್ಮ ಹತ್ತಿರ ತಾನೇ ಹೇಳಿಕೊಂಡಿದ್ದು? "ಏನಮ್ಮ ಸರೋಜ, ನಮ್ಮ ಡ್ರೈವರ್ ಸಾಹೇಬ್ರು ಏನ್ ಮಾಡಿದ್ರು?" ಅಂತ ನೀವು ಕೇಳಿದ ಕೂಡಲೇ ನನ್ನ ಅರ್ಧ ಸಿಟ್ಟು ಇಳಿದುಹೋಗ್ತಿತ್ತು. ಈಗ ಯಾರಿಗೆ ಹೇಳಲಿ? ಮಗಳಿಗೆ ಹೇಳಿದರೆ ಅವಳು ಅಳ್ತಾಳೆ. ಅತ್ತಿಗೆಗೆ ಹೇಳೋಣ ಅಂದರೆ... ಅತ್ತಿಗೆ ವಿಷಯ ಆಮೇಲೆ ಬರೀತೀನಿ.

ಆ ಹಳೇ ಸ್ಕೂಲ್ ವ್ಯಾನು ಕಡೂರಿನ ನಮ್ಮ ಮನೆ ಮುಂದೆ ಬಂದು ನಿಂತ ದಿನ ನೆನಪಿದೆಯಾ ಅಣ್ಣಾ? ಇಬ್ಬರೂ ಆಗಷ್ಟೇ ರಿಟೈರ್ ಆಗಿದ್ದಿರಿ. ಒಂದೇ ಬಸ್ಸಿನಲ್ಲಿ ಇವರು ಸ್ಟೇರಿಂಗ್ ಹಿಡಿದು, ನೀವು ಟಿಕೆಟ್ ಹರಿದು, ಯುಗಾದಿ ದೀಪಾವಳಿ ಯಾವುದಕ್ಕೂ ಮನೆಯಲ್ಲಿ ಇರದೆ ಸವೆದವರು. ಇಬ್ಬರೂ ಸೇರಿ ಸೀಟು ಕಿತ್ತು, ಮಂಚ ಕೂರಿಸಿ, ನೀರಿನ ಟ್ಯಾಂಕು, ಗ್ಯಾಸ್ ಒಲೆ ಇಟ್ಟು, ಕಿಟಕಿಗೆ ಅತ್ತಿಗೆಯ ಹಳೇ ಸೀರೆ ಹರಿದು ಪರದೆ ಕಟ್ಟಿದಿರಿ. "ಜೀವಮಾನವೆಲ್ಲ ಊರೋರನ್ನ ಅವರವರ ನೆಂಟರ ಮನೆಗೆ ಬಿಟ್ಟು ಬಂದ್ವಿ. ಇನ್ಮೇಲೆ ಹಬ್ಬಕ್ಕೆ ನಾವೇ ನೆಂಟರು ಕಣಮ್ಮ" ಅಂದವರು ನೀವೇ. ಹಾಗೇ ಆಯಿತು. ಹಬ್ಬ ಬಂತು ಅಂದರೆ ನಾವು ನಾಲ್ಕು ಜನ ಹೊರಡೋದು. ಯಾರ ಮನೆಯಲ್ಲಿ ಮಲಗೋಕೆ ಜಾಗ ಇಲ್ಲದಿದ್ದರೂ ಚಿಂತೆಯಿಲ್ಲ, ಅವರ ಅಂಗಳದಲ್ಲೇ ನಮ್ಮ ಮನೆ. ಅಷ್ಟು ನಕ್ಕಿದ್ದು ನಾನು ಮದುವೆಯಾದ ಹೊಸದರಲ್ಲೂ ಇಲ್ಲ.

ನಿಮಗೆ ಮಣ್ಣು ಕೊಟ್ಟ ದಿನ ಇವರು ಅಳಲಿಲ್ಲ. ಹೆಗಲು ಕೊಟ್ಟರು, ಗುಂಡಿಗೆ ಮಣ್ಣು ಹಾಕಿದರು, ಬಂದವರಿಗೆಲ್ಲ ತಾವೇ ನೀರು ಕೊಟ್ಟರು. ಮನೆಗೆ ಬಂದು ವ್ಯಾನು ತೊಳೆದು ನಿಲ್ಲಿಸಿದವರು ವರ್ಷವಾದರೂ ತೆಗೆಯಲಿಲ್ಲ. ಆಮೇಲೆ ಮಾತು ಕಮ್ಮಿಯಾಯಿತು, ಹೇಳಿದ್ದನ್ನೇ ಹೇಳೋದು ಶುರುವಾಯಿತು. ವಯಸ್ಸು ಅಂದುಕೊಂಡೆ, ದುಃಖ ಅಂದುಕೊಂಡೆ. ಈ ದೀಪಾವಳಿಗೆ ಒಂದು ಬೆಳಿಗ್ಗೆ ತಾವಾಗಿ ವ್ಯಾನಿಗೆ ನೀರು ತುಂಬಿಸ್ತಾ ಇದ್ದರು. "ಹೊರಡು ಸರೋಜ. ದೇವನೂರಿನಲ್ಲಿ ನಮ್ಮಣ್ಣನ್ನ ನೋಡ್ಕೊಂಡು, ತರೀಕೆರೆಗೆ ಹೋಗಿ, ಅಜ್ಜಂಪುರಕ್ಕೆ ಮಗಳ ಮನೆಗೆ" ಅಂದರು. ನಾನು ದೇವರಿಗೆ ಕೈಮುಗಿದೆ ಅಣ್ಣಾ. ಮನುಷ್ಯ ಎದ್ದು ನಿಂತರಲ್ಲ ಅಂತ.

ದೇವನೂರಿನಲ್ಲಿ ಭಾವನವರ ಮನೆಯಲ್ಲಿ ಹೋಳಿಗೆ ಊಟ ಆಗಿ ಕೈ ತೊಳೆದು ಬಂದವರು, "ಅಣ್ಣಾ, ಹಬ್ಬ ಯಾವತ್ತು?" ಅಂದರು. ಎಲ್ಲರೂ ನಕ್ಕರು. ತಮಾಷೆ ಮಾಡ್ತಿದಾರೆ ಅಂತ. ನಾನೂ ನಕ್ಕೆ. ಭಾವನವರು ಮಾತ್ರ ನಗಲಿಲ್ಲ, ತಮ್ಮನ ಮುಖವನ್ನೇ ನೋಡ್ತಾ ಕೂತರು. ಹೊರಡುವಾಗ ನನ್ನ ಪಕ್ಕಕ್ಕೆ ಕರೆದು, "ನಮ್ಮ ಓಂಕಾರಿ ಮೇಲೆ ಒಂದು ಕಣ್ಣಿರ್ಲಿ ಕಣಮ್ಮ" ಅಂದರು. ಸ್ಟೇರಿಂಗ್ ಮೇಲೆ ಇವರ ಕೈ ನೋಡಿದರೆ ಯಾವ ಅನುಮಾನವೂ ಬರ್ತಿರಲಿಲ್ಲ. ಕೈಗೆ ಎಲ್ಲ ನೆನಪಿತ್ತು. ತಲೆಗೆ ಇಲ್ಲ ಅಂತ ನನಗೆ ಹೇಗೆ ಗೊತ್ತಾಗಬೇಕು?

ಎಮ್ಮೆದೊಡ್ಡಿಯ ದನ ಮೇಯೋ ಕಾವಲಿನಲ್ಲಿ ನಾವು ಪ್ರತಿ ಸಲ ನಿಲ್ಲಿಸಿ ಉಪ್ಪಿಟ್ಟು ಮಾಡ್ಕೊಂಡು ತಿನ್ನೋ ಜಾಗ ಇದೆಯಲ್ಲ, ಅಲ್ಲೇ ನಿಲ್ಲಿಸಿದ್ವಿ. ನಾನು ಒಲೆ ಹಚ್ಚಿದೆ. "ಹಿಂಗೆ ಹೋಗಿ ಬತ್ತೀನಿ" ಅಂತ ಇಳಿದು ಹೋದರು. ಉಪ್ಪಿಟ್ಟು ಆಯಿತು, ಆರಿತು, ಬರಲಿಲ್ಲ. ಫೋನು ಸೀಟಿನ ಮೇಲೇ ಇತ್ತು. ಹೊರಗೆ ನೋಡಿದರೆ ಕಣ್ಣು ಹಾಯೋವರೆಗೂ ಹುಲ್ಲು, ಅಲ್ಲೊಂದು ಇಲ್ಲೊಂದು ಜಾಲಿ ಗಿಡ, ದೂರದಲ್ಲಿ ಅಮೃತಮಹಲ್ ದನಗಳು. ಕೂಗಿದೆ. ಸೀರೆ ಎತ್ತಿ ಕಟ್ಟಿ ಓಡಿದೆ. ಆ ಚೂಪು ಕೊಂಬಿನ ದನಗಳೆಲ್ಲ ಒಟ್ಟಿಗೆ ತಲೆ ಎತ್ತಿ ನೋಡಿದಾಗ ಕಾಲು ಅಲ್ಲೇ ನಿಂತುಹೋಯಿತು. ವಾಪಸ್ ಬಂದು ವ್ಯಾನಿನ ಹಾರ್ನ್ ಒತ್ತಿ ಹಿಡಿದೆ. ಒತ್ತಿದ ಕೈ ತೆಗೆಯಲೇ ಇಲ್ಲ. ಗಾಡಿ ಓಡಿಸೋಕೆ ಬರೋದಿಲ್ಲ, ಬಿಟ್ಟು ಹೋಗೋಕೂ ಆಗೋದಿಲ್ಲ. ಸೂರ್ಯ ಇಳೀತಾ ಇದಾನೆ. ಆಗ ನಿಮ್ಮನ್ನ ಎಷ್ಟು ಕೂಗಿಕೊಂಡೆ ಅಂತ...

ದನ ಕಾಯೋ ಮುದುಕರೊಬ್ಬರು ಇವರ ಕೈ ಹಿಡಿದುಕೊಂಡು ಕರ್ಕೊಂಡು ಬಂದರು. ಒಂದು ಕಾಲಿಗೆ ಚಪ್ಪಲಿ ಇಲ್ಲ, ಪಾದದ ತುಂಬಾ ಮುಳ್ಳು. "ನಿಮ್ಮೋರೇನಮ್ಮ? ಬಸ್ ಸ್ಟಾಂಡ್ ಎಲ್ಲೈತೆ ಅಂತ ನಮ್ಮ ಹಸೂನ ಕೇಳ್ತಾ ನಿಂತಿದ್ರು" ಅಂದರು ಆ ಯಜಮಾನರು. ನಗಲೋ ಅಳಲೋ ಗೊತ್ತಾಗದೆ ಅವರ ಕಾಲಿಗೆ ಬೀಳೋಕೆ ಹೋದೆ, ಹಿಂದಕ್ಕೆ ಸರಿದರು. ನಾನು ಕೂತು ಇವರ ಮುಳ್ಳು ತೆಗೀತಿದ್ದರೆ, ಇವರು ನನ್ನ ತಲೆ ಮೇಲಿಂದ ದೂರ ನೋಡ್ತಾ, "ಲೇಟಾಯ್ತು ಸರೋಜ, ಮಲ್ಲೇಶ ಕಾಯ್ತಿರ್ತಾನೆ" ಅಂದರು. ನನ್ನ ಕೈಯಲ್ಲಿದ್ದ ಪಿನ್ನು ಬಿದ್ದುಹೋಯಿತು ಅಣ್ಣಾ.

ಮತ್ತೆ ಇವರೇ ಗಾಡಿ ಓಡಿಸಿದರು. ಕಡೂರು ಬಂದಾಗ, "ಇವತ್ತು ಮನೇಲೇ ಇದ್ದುಬಿಡೋಣ ಕಣ್ರೀ, ತಿರುಗಿಸಿ" ಅಂತ ಗೋಗರೆದೆ. ಕೇಳಲೇ ಇಲ್ಲ. ನಮ್ಮ ಬೀದಿ ದಾಟಿ ನೇರ ಬೀರೂರಿಗೆ ಹೊಡೆದರು. ಅಲ್ಲಿ ಬಸ್ ಸ್ಟಾಂಡ್ ಒಳಗೆ ನುಗ್ಗಿಸಿ, ಬಸ್ಸು ನಿಲ್ಲೋ ಜಾಗದಲ್ಲಿ ಸರಿಯಾಗಿ ತಂದು ನಿಲ್ಲಿಸಿದರು. ಎಂಜಿನ್ ಆಫ್ ಮಾಡಲಿಲ್ಲ, ಕನ್ನಡಿ ನೋಡ್ತಾ ಕೂತರು. ಹಿಂದೆ ಬಸ್ಸುಗಳು ಒಂದರ ಮೇಲೊಂದು ಹಾರ್ನ್ ಹೊಡೀತಾ ಇವೆ, ಜನ ಸೇರ್ತಾ ಇದಾರೆ, ಹುಡುಗಿಯರು ಬಾಯಿಗೆ ಕೈ ಇಟ್ಟು ನಗ್ತಾ ಇದಾರೆ. ಯಾರೋ ಬಂದು ವ್ಯಾನಿನ ಮೈ ಗುದ್ದಿ, "ಏನಪ್ಪಾ, ಇದೇನು ನಿಮ್ಮಪ್ಪನ ಮನೆ ಅಂಗಳನಾ?" ಅಂದ. ಇವರು ಸಮಾಧಾನವಾಗಿ, "ಕಂಡಕ್ಟ್ರು ಎಂಟ್ರಿ ಹಾಕ್ಸಕ್ಕೆ ಹೋಗಿದಾನೆ, ಬರ್ಲಿ ಇರಪ್ಪ" ಅಂದರು. ನಾನು ಕೈ ಹಿಡಿದು ಎಳೆದೆ, ಬೇಡಿಕೊಂಡೆ. ಅಲ್ಲಾಡಲಿಲ್ಲ. ಕೊನೆಗೆ ಇಳಿದು ಹಿಂದಕ್ಕೆ ಹೋಗಿ, ಬಾಗಿಲು ಧಡಾರನೆ ಹಾಕಿ, ವ್ಯಾನಿನ ಮೈ ಎರಡು ಸಲ ತಟ್ಟಿ, ಗಂಟಲು ಹರಿಯೋ ಹಾಗೆ ಕೂಗಿದೆ: "ರೈಟ್!" ಗೇರ್ ಬಿತ್ತು, ಗಾಡಿ ಹೊರಟೇಬಿಟ್ಟಿತು. ಓಡಿ ಹೋಗಿ ಮುಂದಿನ ಬಾಗಿಲು ಹಿಡ್ಕೊಂಡು ಹತ್ತಿದೆ. ತರೀಕೆರೆ ಬರೋವರೆಗೂ ದೇವರೇ, ಅತ್ತಿಗೆ ಮನೆ ತಲುಪಿಸು, ಅಷ್ಟೇ ಸಾಕು ಅಂತ ಜಪಿಸ್ತಾ ಕೂತಿದ್ದೆ.

ನಿಮ್ಮ ಮನೆ ಬಾಗಿಲಲ್ಲಿ ಗಂಗತ್ತಿಗೆ ರಂಗೋಲಿ ಮುಂದೆ ನಿಂತಿದ್ದರು. ನಮ್ಮನ್ನ ನೋಡಿ ಅವರ ಮುಖ ಅರಳಿತು. ಇವರು ಅವರನ್ನ ದಾಟಿಕೊಂಡು ಒಳಗೆ ಹೋಗಿ, "ಎಲ್ಲಮ್ಮ ಅವನು? ಇನ್ನೂ ಮಲಗೇ ಇದಾನಾ?" ಅಂದರು. ನಡುಮನೆ ಗೋಡೆಯಲ್ಲಿ ನಿಮ್ಮ ಫೋಟೋ, ಅದಕ್ಕೆ ಗಂಧದ ಹಾರ. ಅದರ ಮುಂದೆ ನಿಂತು, "ಫೋಟೋ ಚೆನ್ನಾಗಿ ಬಂದಿದೆ" ಅಂದರು. ಅತ್ತಿಗೆ ನನ್ನ ಕಡೆ ನೋಡಿದರು. ನಾನೇ ಹೇಳಬೇಕಾಯಿತು. "ರೀ, ಅಣ್ಣ ಹೋಗಿ ವರ್ಷದ ಮೇಲಾಯ್ತು. ನೀವೇ ಹೆಗಲು ಕೊಟ್ರಿ" ಅಂದೆ. ಅವತ್ತು ಬರದೇ ಇದ್ದ ಅಳು ಈಗ ಬಂತು. ಗೋಡೆ ಹಿಡಿದು ಹಾಗೇ ಕುಸಿದು ಕೂತು, "ಲೇ ಮಲ್ಲೇಶ, ಹೇಳ್ದೆ ಹೋಗ್ಬಿಟ್ಯೇನೋ" ಅಂತ ತಲೆ ಚಚ್ಚಿಕೊಂಡರು. ಅಕ್ಕಪಕ್ಕದವರೆಲ್ಲ ಓಡಿ ಬಂದರು.

ಮಾರನೇ ಬೆಳಿಗ್ಗೆ ಮುಖ ತೊಳೆದು ಬಂದವರು, ಟವೆಲ್ಲಿನಲ್ಲಿ ಕಿವಿ ಒರೆಸಿಕೊಳ್ತಾ, "ಮಲ್ಲೇಶ ಎದ್ನಾ?" ಅಂದರು. ಮತ್ತೆ ಹೇಳಿದೆ, ಮತ್ತೆ ಅದೇ ಗೋಳು. ಸಂಜೆ ಇನ್ನೊಂದು ಸಲ. ನಿಮ್ಮ ಸಾವಿನ ಸುದ್ದಿ ಅವರಿಗೆ ಹೊಸದಾಗಿಯೇ ಮುಟ್ಟುತ್ತೆ ಅಣ್ಣಾ, ಹಳತಾಗೋದೇ ಇಲ್ಲ. ಅತ್ತಿಗೆ ನನ್ನ ಅಡುಗೆಮನೆಗೆ ಎಳ್ಕೊಂಡು ಹೋಗಿ ಎರಡೂ ಕೈ ಹಿಡಿದುಕೊಂಡರು. "ಸರೋಜ, ಇನ್ನು ಹೇಳ್ಬೇಡ ಕಣೇ. ಒಂದ್ಸಲ ಹೋಗಿದ್ದನ್ನೇ ತಡ್ಕೊಳ್ಳಕ್ಕಾಗಿಲ್ಲ. ದಿನಾ ಬೆಳಿಗ್ಗೆ ಸಂಜೆ ನನ್ನ ಗಂಡನ್ನ ಸಾಯಿಸ್ಬೇಡ." ಅವರಿಗೆ ಅವರ ದುಃಖ, ನನಗೆ ನನ್ನದು. ಯಾರು ಯಾರನ್ನ ಸಮಾಧಾನ ಮಾಡಬೇಕು?

ಮೂರನೇ ದಿನ ಇವರು ಕೇಳೋದಕ್ಕೆ ಬಾಯಿ ತೆಗೆದಾಗ, ಅತ್ತಿಗೆ ಕಾಫಿ ಲೋಟ ಹಿಡಿದು ಬಂದು, ನನಗಿಂತ ಮುಂಚೆ ಉತ್ತರ ಕೊಟ್ಟರು. "ಅವ್ರು ಡ್ಯೂಟಿಗೆ ಹೋಗಿದಾರೆ ಕಣಣ್ಣ. ಬರೋದು ತಡ ಆಗುತ್ತೆ."

"ಹಬ್ಬದಲ್ಲೂ ರಜ ಕೊಡ್ಲಿಲ್ವಾ? ಅವನ ಹಣೇಲಿ ಬರ್ದಿದ್ದೇ ಅಷ್ಟು" ಅಂತ ಇವರು ನಕ್ಕರು. ಕಾಫಿ ಕುಡಿದರು. ಇಡ್ಲಿ ಬಡಿಸಿದರೆ ತಿಂದು ಮತ್ತೆ ಹಾಕಿಸಿಕೊಂಡರು. ಎಷ್ಟು ದಿನವಾಗಿತ್ತೋ ಹಾಗೆ ತಿಂದು. ಹಿತ್ತಿಲಿಗೆ ಹೋದರೆ ಅತ್ತಿಗೆ ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೀತಾ ಕೂತಿದ್ದರು. "ಸುಳ್ಳು ಹೇಳ್ದೆ ಅಂತ ಬೇಜಾರಿಲ್ಲ ಕಣೇ. ಹೇಳೋವಾಗ ನಂಗೂ ಒಂದು ಗಳಿಗೆ ನಿಜ ಅನ್ನಿಸ್ಬಿಡ್ತು. ಬಾಗಿಲ ಕಡೆ ತಿರುಗಿ ನೋಡ್ಬಿಟ್ಟೆ" ಅಂದರು.

ಅಳಿಯ ಸತೀಶ ಅಜ್ಜಂಪುರದಿಂದ ಬಂದು, ನಮ್ಮನ್ನ ಶಿವಮೊಗ್ಗದ ಡಾಕ್ಟರ ಹತ್ತಿರ ಕರ್ಕೊಂಡು ಹೋದ. ತಲೆಯ ಸ್ಕ್ಯಾನ್ ಆಯಿತು. ಅದು ಮರೆವಿನ ಕಾಯಿಲೆಯಂತೆ, ಮಾತ್ರೆ ಕೊಡ್ತಾರೆ, ಆದರೆ ಹೋದ ನೆನಪು ಹಿಂದಕ್ಕೆ ಬರೋದಿಲ್ಲವಂತೆ. "ಇನ್ನು ಇವರ ಕೈಗೆ ಗಾಡಿ ಕೊಡಲೇಬೇಡಿ" ಅಂದರು ಡಾಕ್ಟರು. ವ್ಯಾನಿನ ಕೀ ನಾನು ಸೆರಗಿನ ತುದಿಗೆ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಜೀವನದ ಉದ್ದಕ್ಕೂ ಅನ್ನ ಹಾಕಿದ ಸ್ಟೇರಿಂಗನ್ನ ಅವರಿಂದ ಕಿತ್ತುಕೊಳ್ಳೋ ಕೆಲಸ ನನ್ನ ಪಾಲಿಗೇ ಬರಬೇಕಾ?

ತರೀಕೆರೆಯಿಂದ ಅಜ್ಜಂಪುರಕ್ಕೆ ಸತೀಶನೇ ವ್ಯಾನು ಓಡಿಸಿದ. ಇವರು ಹಿಂದೆ ಮಂಚದ ಮೇಲೆ ನನ್ನ ಪಕ್ಕದಲ್ಲಿ ಕೂತಿದ್ದರು. ಗಲಾಟೆ ಮಾಡ್ತಾರೆ ಅಂತ ಹೆದರಿದ್ದೆ, ಮಾಡಲಿಲ್ಲ. ಪ್ರಯಾಣಿಕರ ಹಾಗೆ ಮೊಣಕಾಲ ಮೇಲೆ ಕೈ ಇಟ್ಟು ಹೊರಗೆ ನೋಡ್ತಾ ಇದ್ದರು. ಸ್ವಲ್ಪ ದೂರ ಹೋದ ಮೇಲೆ ಅಂಗಿ ಜೇಬು ತಡಕಿ, "ಅಜ್ಜಂಪುರ ಒಂದು" ಅಂದರು. ಸತೀಶ ತಿರುಗದೆಯೇ, "ಕೊಡ್ತೀನಿ ಮಾವ, ಕೂತ್ಕೊಳಿ" ಅಂದ. ಇವರು ನನ್ನ ಮುಖ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಮುಂದಕ್ಕೆ ಬಾಗಿ, ದನಿ ತಗ್ಗಿಸಿ ಅಂದರು: "ಎರಡು ಕೊಡಪ್ಪ. ಈಯಮ್ಮಂಗೂ ಒಂದು. ಪಾಪ, ಜೊತೆಗೆ ಯಾರೂ ಇಲ್ಲ ಅನ್ಸುತ್ತೆ. ಆಗ್ಲಿಂದ ಅಳ್ತಾ ಇದಾರೆ."

ಅಣ್ಣಾ, ಇದನ್ನ ನಾನು ಯಾರಿಗೂ ಹೇಳಿಲ್ಲ. ಸತೀಶ ಕೇಳಿಸಿಕೊಂಡ, ಅವನೂ ಮಾತಾಡಿಲ್ಲ. ಗಂಡ ಇದ್ದೂ ಇಲ್ಲದವಳಾದೆನಾ, ಅಥವಾ ಗಂಡನ ಪಾಲಿಗೆ ನಾನೇ ಸತ್ತೆನಾ? ನಿಮ್ಮನ್ನಾದರೂ ಅವರು ದಿನಾ ಹುಡುಕ್ತಾರೆ. ನನ್ನನ್ನ ಹುಡುಕೋದೇ ಇಲ್ಲವಲ್ಲ...

ಈಗ ಅಜ್ಜಂಪುರದಲ್ಲಿ ಮಗಳು ವೀಣಾಳ ಮನೆಯಲ್ಲಿದ್ದೀವಿ. ಹಬ್ಬ ಮುಗಿದು ನೆಂಟರೆಲ್ಲ ಹೋದರು, ನಾವು ಮಾತ್ರ ಉಳಿದೆವು. ನಿಂತ ಮನೆಯೊಳಗೆ ಇವರು ಒಂದು ಗಳಿಗೆ ಇರಲಾರರು. ಬಾಗಿಲು ಬಡೀತಾರೆ, ಕಿಟಕಿ ಸರಳು ಅಲ್ಲಾಡಿಸ್ತಾರೆ, "ಇಳಿಸ್ರಪ್ಪಾ, ನಮ್ಮೂರು ಬಂತು" ಅಂತ ಕೂಗ್ತಾರೆ. ಒಂದು ಸಲ ವೀಣಾಳ ಕೈ ತಿರುಚಿದರು. ವ್ಯಾನು ಹತ್ತಿಸಿ, ಗಾಡಿ ಓಡೋಕೆ ಶುರುವಾದರೆ ಮಾತ್ರ ಮಗುವಿನ ಹಾಗೆ ಮಲಗ್ತಾರೆ. ಸತೀಶನಿಗೆ ಈರುಳ್ಳಿ ವ್ಯಾಪಾರ, ದಿನಾ ಎಲ್ಲಿ ಓಡಿಸ್ತಾ ಕೂರೋದಕ್ಕೆ ಆಗುತ್ತೆ? ವೀಣಾ ಕಣ್ಣು ಒರೆಸಿಕೊಂಡು, "ಅಮ್ಮಾ, ಇಂಥೋರನ್ನ ನೋಡ್ಕೊಳ್ಳೋ ಜಾಗ ಇರ್ತವಂತೆ" ಅಂದಳು. ಅವಳ ಮೇಲೆ ನನಗೆ ಕೋಪ ಇಲ್ಲ. ಆದರೆ ಬೇಡ ಅಂದೆ. ಬಾಗಿಲು ಹಾಕಿದ ಕೋಣೆಯಲ್ಲಿ ಅವರು ಯಾರಿಗೆ ಅಂತ ಕೂಗಬೇಕು?

ಅದಕ್ಕೇ ನಿಮಗೆ ಒಂದು ಮಾತು ಕೊಡ್ತೀನಿ ಮಲ್ಲೇಶಣ್ಣಾ. ಇನ್ನು ನೀವು ತೀರಿಕೊಂಡಿದೀರಿ ಅಂತ ಈ ಮನುಷ್ಯನ ಕಿವಿಗೆ ಬೀಳದ ಹಾಗೆ ನೋಡ್ಕೊಳ್ತೀನಿ. ಗಂಗತ್ತಿಗೆಗೂ ಫೋನಿನಲ್ಲಿ ಹೇಳಿದೆ. "ನಾನು ಇಲ್ಲಿ ಫೋಟೋ ಒಳಗಿನ ಕೋಣೆಗೆ ಹಾಕ್ತೀನಿ, ನೀವು ಬನ್ನಿ" ಅಂದರು.

ಹೋಗೋದು ಹೇಗೆ ಅಂತೀರಾ? ನೀವು ಕೇಳಿದರೆ ನಂಬೋದಿಲ್ಲ. ನಾನು ಗಾಡಿ ಕಲೀತಾ ಇದೀನಿ. ಈ ವಯಸ್ಸಿನಲ್ಲಿ, ಈ ಮಂಡಿನೋವಿನಲ್ಲಿ. ಬೇರೆ ದಾರಿ ಇದ್ದಿದ್ದರೆ ಕಲೀತಿರಲಿಲ್ಲ. ಈರುಳ್ಳಿ ಮಂಡಿಯ ಹಿಂದಿನ ಖಾಲಿ ಬಯಲಿನಲ್ಲಿ ಸತೀಶ ಪಕ್ಕ ಕೂತು ಹೇಳಿಕೊಡ್ತಾನೆ, ಇವರು ಹಿಂದೆ ಕೂತಿರ್ತಾರೆ. ನಿನ್ನೆ ಮೊದಲ ಗೇರ್ ಹಾಕಿ ಕಾಲು ತೆಗೆದೆ. ಗಾಡಿ ಕಪ್ಪೆ ಹಾಗೆ ಎಗರಿ ನಿಂತುಹೋಯಿತು. ಮತ್ತೆ ಮಾಡಿದೆ, ಮತ್ತೆ ಎಗರಿತು. ಸ್ಟೇರಿಂಗ್ ಮೇಲೆ ತಲೆ ಇಟ್ಟು ಅಳೋಕೆ ಶುರು ಮಾಡಿದೆ. ಆಗ ಹಿಂದಿನಿಂದ ಇವರ ದನಿ ಬಂತು, ಹೊಸಬರನ್ನ ಮಾತಾಡಿಸೋ ಮರ್ಯಾದೆಯ ದನಿ:

"ಕ್ಲಚ್ ಮೇಲಿನ ಕಾಲು ನಿಧಾನಕ್ಕೆ ಬಿಡಿ ತಾಯಿ. ಹೆದರ್ಕೊಬೇಡಿ. ನಾನು ಹಿಂದೆ ಇದೀನಿ."

ನಿಧಾನಕ್ಕೆ ಬಿಟ್ಟೆ ಅಣ್ಣಾ. ಗಾಡಿ ಹೊರಟಿತು.

ನಿಮ್ಮ ತಂಗಿ,
ಸರೋಜ