ಎಣ್ಣೆ ಕಾಣದ ಗಾಳಿಯಂತ್ರ

ಆಮ್‌ಸ್ಟರ್‌ಡ್ಯಾಮ್, ಜೂನ್ 1987

ಅಪ್ಪಾ, ಸಿಟ್ಟಿದ್ದರೂ ಈ ಕಾರ್ಡು ಓದಿ, ಆಮೇಲೆ ಹರಿದುಹಾಕಿ.

ನನ್ನ ಹಾಗೆಯೇ ಸೈನ್ಯದ ಕಡ್ಡಾಯ ಕರೆಯಿಂದ ತಪ್ಪಿಸಿಕೊಂಡು ಬಂದ, ನಮ್ಮ ‘ಕಾರೂ’ ಒಣಬಯಲಿನ ಕಡೆಯವನೊಬ್ಬ ಭಾನುವಾರ ಬಾರಿನಲ್ಲಿ (ಹೌದು, ಚರ್ಚಿನ ಹೊತ್ತಿನಲ್ಲೇ, ಕ್ಷಮಿಸಿ) ಊರು ಬಿಟ್ಟವನ ಹಾಡೊಂದನ್ನು ನಮ್ಮ ಆಫ್ರಿಕಾನ್ಸ್ ಭಾಷೆಯಲ್ಲೇ ಹಾಡಿದ. ನಡುವೆ ಎಲೆಕ್ಟ್ರಿಕ್ ಗಿಟಾರಿನ ತಂತಿ ಎಳೆದೆಳೆದು, ನೀರೆತ್ತುವ ನಮ್ಮ ಗಾಳಿಯಂತ್ರ ಕಿರುಗುಟ್ಟುವಂತೆಯೇ ನುಡಿಸಿದ. ನಾನು ಅತ್ತುಬಿಟ್ಟೆ.

"ಯಾಕೋ, ಅಷ್ಟು ಕೆಟ್ಟದಾಗಿ ಹಾಡಿದ್ನಾ ನಾನು?" ಎಂದ.

"ಇಲ್ಲ ಮಾರಾಯ. ನಮ್ಮನೆ ಗಾಳಿಯಂತ್ರ ಹೀಗೇ ಕಿರುಗುಟ್ತಿತ್ತು, ಅದಕ್ಕೆ ಎಣ್ಣೆ ಹಾಕೋ ಅಂತ ಅಪ್ಪ ತಿಂಗಳುಗಟ್ಟಲೆ ಬೈತಿದ್ರು. ಹಾಕದೇನೆ, ಒಂದು ಮಾತೂ ಹೇಳ್ದೆ ಬಂದ್ಬಿಟ್ಟೆ."

ಕೆಮ್ಮು ವಾಸಿಯಾಗಿದೆ, ಬಂದರಿನಲ್ಲಿ ಮೂಟೆ ಹೊರುವ ಕೆಲಸವಿದೆ. ಕಾರ್ಡಿನಲ್ಲಿ ಜಾಗ ಮುಗಿಯುತ್ತಿದೆ. ಇನ್ನೂ ಎಣ್ಣೆ ಹಾಕಿಲ್ಲದಿದ್ದರೆ ಹಾಕಬೇಡಿ ಅಪ್ಪಾ. ಹಾಕಿಬಿಟ್ಟಿದ್ದರೆ ನನಗೆ ತಿಳಿಸಬೇಡಿ.

ನಿಮ್ಮ ವೆಸೆಲ್